ಬಂಡೆಯ ಮಡಿಲಲ್ಲಿ ಕುಳಿತವರು

ವಿಹಾರದ ಅಡುಗೆಮನೆಯಿಂದ,
ಅಕ್ಟೋಬರ್ ೧೨, ಮಧ್ಯಾಹ್ನ

ಪ್ರೀತಿಯ ಅತ್ತಿಗೆ,

ಬೆನ್ನುನೋವು ಹೇಗಿದೆ? ಆಸ್ಪತ್ರೆಯ ಒದ್ದೆ ಬಟ್ಟೆಗಳನ್ನು ಒಬ್ಬರೇ ಎತ್ತಬೇಡಿ ಎಂದರೆ ನೀವೆಲ್ಲಿ ಕೇಳುತ್ತೀರಿ! ನಾನು ಚೆನ್ನಾಗಿದ್ದೇನೆ. ತಲೆ ಬೋಳಿಸಿಕೊಂಡಿದ್ದೇನೆ, ನೋಡಿದರೆ ನೀವು ಬಿದ್ದು ಬಿದ್ದು ನಗುತ್ತೀರಿ.

ಧ್ಯಾನ ಕಲಿಯಲು ಹೊರಟೆನೆಂದು ನಿಮಗೆ ಹೇಳಿದ್ದು ಅರ್ಧ ನಿಜ. ಈ ಬೆಟ್ಟದಲ್ಲಿ ಕಣ್ಣಿಗೆ ಬೀಳದವರು ವಾಸವಾಗಿದ್ದಾರೆ, ಮನಸ್ಸು ತಿಳಿಯಾದವರಿಗೆ ಕಾಣಿಸುತ್ತಾರೆ ಎಂದು ಕೇಳಿದ್ದೆ. ಜನರನ್ನು ಬೆಟ್ಟ ಹತ್ತಿಸುವ ಗೈಡಾಗಿದ್ದ ಅಣ್ಣ ಸತ್ತದ್ದು ಇದೇ ಬೆಟ್ಟದಲ್ಲಿ. ಅವನ ಜೊತೆ ಒಂದೇ ಹಗ್ಗದಲ್ಲಿದ್ದ ಗೈಡುಗಳ ಮೇಸ್ತ್ರಿ, “ಕುಡಿದು ಜಾರಿದ” ಎಂದು ಊರೆಲ್ಲ ಸಾರಿದ. ಅಣ್ಣನ ಸೊಂಟದಲ್ಲಿ ಉಳಿದಿದ್ದ ಹಗ್ಗದ ತುದಿಯನ್ನು ನೀವೂ ನೋಡಿದ್ದೀರಿ: ಎಳೆ ಬಿಚ್ಚಿರಲಿಲ್ಲ, ಚಾಕುವಿನಲ್ಲಿ ಕೊಯ್ದ ಹಾಗಿತ್ತು. ನಮ್ಮ ಮಾತನ್ನು ಯಾರು ಕಿವಿಗೆ ಹಾಕಿಕೊಂಡರು? ಮನುಷ್ಯರು ಕೇಳದಿದ್ದರೆ ಬೆಟ್ಟದವರಾದರೂ ಕೇಳಲಿ, ಆ ಮೇಸ್ತ್ರಿಯನ್ನು ನುಂಗಿ ನೀರು ಕುಡಿಯಲಿ ಎಂದೇ ಬಂದೆ.

ಇಲ್ಲಿನ ಹಿರಿಯ ಭಿಕ್ಷುಣಿಯಮ್ಮ ಹಲ್ಲಿಲ್ಲದ ಬಾಯಿಯ ನಗೆಗಾರ್ತಿ. ಹಳ್ಳದಾಚೆಯ ದೊಡ್ಡ ಬಂಡೆಯೆದುರು ನನ್ನನ್ನು ಕೂರಿಸಿ, “ಹುಡುಕಬೇಡ ಮಗಳೇ. ಅವರಿಗೆ ಅಡ್ಡಿಯಾಗದ ಹಾಗೆ ಕೂತ್ಕೋ. ಎಲ್ಲರಿಗೂ ಒಳ್ಳೇದಾಗ್ಲಿ ಅಂದ್ಕೋ, ಶತ್ರುವಿಗೂ” ಎಂದರು. ನಾನು ನಿಮಗೆ, ಮರಕ್ಕೆ, ಕಲ್ಲಿಗೆ, ಇರುವೆಗೆ ಒಳ್ಳೆಯದನ್ನು ಬಯಸುತ್ತಿದ್ದೆ. ಮೇಸ್ತ್ರಿಯ ಮುಖ ಬಂದೊಡನೆ ದಾಟಿಕೊಂಡು ಮುಂದೆ ಹೋಗುತ್ತಿದ್ದೆ. ಹಾಗಿದ್ದೂ ಒಂದು ಬೆಳಿಗ್ಗೆ ಅವರು ಕಂಡರು. ಬಂಡೆಯ ಮಡಿಕೆ ಮಡಿಲಾಗಿತ್ತು, ಅಲ್ಲಿ ಯಾರೋ ಕುಳಿತಿದ್ದರು, ಮೊದಲಿಂದಲೂ ಕುಳಿತೇ ಇದ್ದವರ ಹಾಗೆ. ಗಂಡೋ ಹೆಣ್ಣೋ ತಿಳಿಯದಷ್ಟು ವಯಸ್ಸು. ಹಳ್ಳದ ಉದ್ದಕ್ಕೂ ಸಣ್ಣವರು ಸುಮ್ಮನೆ ಓಡಾಡಿಕೊಂಡಿದ್ದರು. ನನಗೆ ಭಯವಾಗಲಿಲ್ಲ ಅತ್ತಿಗೆ, ಅಳು ಬಂತು. ಅಳುತ್ತಲೇ “ಅವನನ್ನು ಬೀಳಿಸಿ” ಎಂದು ಬೇಡಿದೆ. ಅವರು ತಿರುಗಿ ನೋಡಲಿಲ್ಲ. ಹಟ ಮಾಡುವ ಮಗು ತಾನಾಗಿ ಸುಮ್ಮನಾಗಲೆಂದು ದೊಡ್ಡವರು ಕಾಯುತ್ತಾರಲ್ಲ, ಹಾಗೆ ಕಾದರು. ನನ್ನ ಸಿಟ್ಟು ನೆತ್ತಿಗೇರಿತು.

ಆಮೇಲೆ ಮೇಸ್ತ್ರಿಯೇ ಬಂದ. ಮೇಲೆ ಹೋದಾಗಲೆಲ್ಲ ಯಾರೋ ಎದುರು ನಿಲ್ಲುತ್ತಾರೆ, ಹಗ್ಗಕ್ಕೆ ಗಂಟು ಹಾಕಲು ಕೈ ಬರುತ್ತಿಲ್ಲ ಎಂದು ಭಿಕ್ಷುಣಿಯಮ್ಮನ ಕಾಲು ಹಿಡಿದ. ಅವರು, “ನೀನು ಕೂರೋ ಜಾಗಕ್ಕೆ ಕರ್ಕೊಂಡು ಹೋಗು” ಎಂದು ನನಗೇ ಹೇಳಿದರು. ಬೋಳುತಲೆಯ ನನ್ನ ಗುರುತು ಅವನಿಗೆ ಹತ್ತಲಿಲ್ಲ. ಕಿರುದಾರಿಯಲ್ಲಿ ಅವನು ಮುಂದೆ, ನಾನು ಹಿಂದೆ, ಪಕ್ಕದಲ್ಲಿ ಪ್ರಪಾತ. ಒಂದು ಕೈ ಸಾಕಿತ್ತು. ಕರುಣೆಯಿಂದ ಬಿಟ್ಟೆ ಎಂದುಕೊಳ್ಳಬೇಡಿ. ಅವನು ಸತ್ತರೆ ಅಣ್ಣ ಕುಡುಕನಾಗಿಯೇ ಉಳಿಯುತ್ತಿದ್ದ.

ಬಂಡೆಯೆದುರು ಕುಳಿತು ಅವನು, “ಏನಾದ್ರೂ ಕಾಣ್ತಿದೆಯಾ ತಾಯಿ?” ಎಂದ. “ಕಾಣ್ತಿದೆ. ನಿನ್ನನ್ನೇ ನೋಡ್ತಿದಾರೆ. ಹಗ್ಗ ಯಾಕೆ ಕೊಯ್ದೆ ಅಂತ ಕೇಳ್ತಿದಾರೆ” ಎಂದೆ. ಅವನ ಬಣ್ಣವೇ ಇಳಿದುಹೋಯಿತು. “ಅವನು ಕೆಳಗೆ ನೇತಾಡ್ತಿದ್ದ, ನನ್ನನ್ನೂ ಎಳೀತಿದ್ದ. ಬೇಡ ಬೇಡ ಅಂತ ಕೂಗ್ತಿದ್ದ” ಎಂದು ಎದೆ ಬಡಿದುಕೊಂಡ. ಕುಡಿದ ಕಥೆ ಕಟ್ಟಿದ್ದು ತಾನೇ ಎಂದ. “ನನ್ನ ಹತ್ರ ಹೇಳಿದ್ರೆ ಸಾಲದಂತೆ. ಗೈಡುಗಳೆಲ್ಲ ಸೇರಿರುವಾಗ ಹೇಳಬೇಕಂತೆ” ಎಂದೆ.

ಇವತ್ತು ಬೆಳಿಗ್ಗೆ ನನ್ನೆದುರೇ ಹೇಳಿದ. ಗೈಡುಗಳ ಶೆಡ್ಡಿನಲ್ಲಿ ಯಾರೂ ಅವನ ಮೈ ಮುಟ್ಟಲಿಲ್ಲ. ಹೆಗಲ ಮೇಲಿದ್ದ ಹಗ್ಗ ಕಿತ್ತುಕೊಂಡು ಬಾಗಿಲು ತೋರಿಸಿದರು. ಆಗ ನಾನು ಯಾರೆಂದು ಹೇಳಿದೆ. ಅವನ ಮುಖ ನೋಡಿ ಹಾಲು ಕುಡಿದಷ್ಟು ಸಂತೋಷವಾಯಿತು.

ಭಿಕ್ಷುಣಿಯಮ್ಮ ಬೈದರು. “ಬೆಟ್ಟದವರ ಬಾಯಿಗೆ ನಿನ್ನ ಮಾತು ತುರುಕಿದೆಯಲ್ಲೇ!” ಹೋಗಿ ಕುಳಿತು ನೋಡಿದೆ. ಬಂಡೆ ಬರೀ ಬಂಡೆ. ದುಃಖವಾಯಿತು ಅತ್ತಿಗೆ, ಪಶ್ಚಾತ್ತಾಪವಾಗಲಿಲ್ಲ.

ಪುಟ್ಟಿಗೆ ನನ್ನ ಮುತ್ತುಗಳು. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ ನಾದಿನಿ

ತಾ.ಕ.: ಹಾಲು ತರುವವನು ಕಾಗದಕ್ಕಾಗಿ ಕಾಯುತ್ತಿದ್ದಾನೆ, ಬೇಗಬೇಗ ಬರೆದು ಮುಗಿಸುತ್ತೇನೆ. ಮೇಸ್ತ್ರಿ ನಿಮ್ಮಲ್ಲಿಗೆ ಕ್ಷಮೆ ಕೇಳಲು ಹೊರಟಿದ್ದಾನೆ. ವಿಳಾಸ ಕೊಟ್ಟವಳು ನಾನೇ. ಬಾಗಿಲು ತೆಗೆಯಿರಿ. “ಕುಡುಕನ ಮಗಳು” ಎನ್ನಿಸಿಕೊಂಡ ಪುಟ್ಟಿಯನ್ನು ಎದುರು ಕೂರಿಸಿ, ಎಲ್ಲವನ್ನೂ ಅವನ ಬಾಯಿಂದಲೇ ಹೇಳಿಸಿ. ಅಣ್ಣ ಕೂಗಿದ್ದನ್ನೂ. ಆಮೇಲೆ ಕ್ಷಮಿಸಬೇಡಿ.