ಮಾವ, ಬಾನೆಟ್ ಎತ್ತಿ ನೋಡ್ರಿ

ಮತ್ತೋಡು ಲೈನಿನ ಮಾವನವರಿಗೆ, ಹೊಳಲ್ಕೆರೆಯ ಅಳಿಯನ ನಮಸ್ಕಾರ.

ಇತ್ತ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಎಂಬ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಅಕಸ್ಮಾತ್ ನೀವು ಬರೆದುಬಿಟ್ಟರೆ ಅತ್ತೆಮ್ಮ ಹೆದರಿಕೊಳ್ಳುತ್ತಾರೆ. ಮೊನ್ನೆ ಹಿರಿಯರ ಹಬ್ಬ ಆಯಿತು. ನಿಮಗೆ ಮೊದಲ ಎಡೆ. ಅದರ ಸುದ್ದಿ ನಿಮಗೆ ಹೇಳಲೇಬೇಕು, ಆದರೆ ನಾನು ಫಸ್ಟ್ ಗೇರಿನಲ್ಲೇ ಹೊರಡುವ ಮನುಷ್ಯ. ನೀವು ಸೀಟಿನಲ್ಲಿ ಸ್ವಲ್ಪ ಹಿಂದಕ್ಕೆ ಒರಗಿ.

ಆ ಕೆಂಪು ಕಾರು ನೆನಪಿದೆಯೇ? ನಾನು ಮೊದಲ ಸಲ ಕೂಡಿಸಿದ ಪ್ಲಾಸ್ಟಿಕ್ ಕಾರು. ಅಂಗೈ ಮೇಲಿಟ್ಟು ತಂದು, ಹಬ್ಬದ ಬಾಗಿನ ಕೊಡುವವನ ಹಾಗೆ ನಿಮ್ಮ ಮುಂದೆ ಹಿಡಿದೆ. ನೀವು ಕನ್ನಡಕ ಹಾಕಿಕೊಂಡು, ಬಣ್ಣ ನೋಡಲಿಲ್ಲ, ಚಕ್ರ ನೋಡಲಿಲ್ಲ, ಸೀದಾ ಬಾನೆಟ್ಟಿನ ಸಂದಿಗೆ ಉಗುರು ಹಾಕಿದಿರಿ.

"ಇದು ಎತ್ತಾಕೆ ಬರಲ್ವಲ್ಲಪ್ಪ."

"ಇದರಲ್ಲಿ ಎಂಜಿನ್ ಇರಲ್ಲ ಮಾವ. ಮೇಲಿನ ಮೈ ಮಾತ್ರ."

"ಹಂಗಾದ್ರೆ ಇದು ಗಾಡಿ ಅಲ್ಲ. ಸೋಪಿನ ಪೆಟ್ಟಿಗೆ."

ಅಂದಿನಿಂದ ಮನೆಯವರೆಲ್ಲರ ಬಾಯಲ್ಲೂ ಅದು ಸೋಪಿನ ಪೆಟ್ಟಿಗೆಯೇ. ನಿಮ್ಮ ಮಗಳು ಶಾಂತ, ಧೂಳು ಒರೆಸುವಾಗ, "ಆ ಸೋಪಿನ ಪೆಟ್ಟಿಗೆ ಇತ್ಲಾಗೆ ಕೊಡ್ರಿ" ಅಂತಲೇ ಕೇಳುವುದು. ಒಂದು ಮಾತಿಗೆ ಇಷ್ಟು ಆಯಸ್ಸು ಕೊಡುವ ವಿದ್ಯೆ ಕನ್ನಡ ಬಿ.ಎ. ಮಾಡಿದ ನನಗೇ ಬರಲಿಲ್ಲ, ನಿಮಗೆ ಹೇಗೆ ಬಂತು?

ಹೆಣ್ಣು ನೋಡಲು ಬಂದ ದಿನವೂ ಹೀಗೇ. ಏನು ಮಾಡ್ಕಂಡಿದೀಯಪ್ಪ ಅಂತ ಕೇಳಿದಿರಿ. ಹೊಳಲ್ಕೆರೆಯಲ್ಲಿ ಪ್ರೆಸ್ ಇಟ್ಟಿದ್ದೇನೆ, ಲಗ್ನಪತ್ರಿಕೆ, ಹುಟ್ಟುಹಬ್ಬದ ಫ್ಲೆಕ್ಸು, ಎಲ್ಲದಕ್ಕೂ ಪ್ರಾಸ ಹಾಕಿ ನಾನೇ ಬರೆದುಕೊಡುತ್ತೇನೆ ಅಂದೆ. ಪ್ರಾಸ ಅಂದರೇನು ಅಂದಿರಿ. ಒಂದು ಸಾಲಿಗೆ ಇನ್ನೊಂದು ಸಾಲು ತಾಳ ಹಾಕುವುದು ಅಂತ ವಿವರಿಸಿದೆ.

"ಹಂಗಾದ್ರೆ ನಮ್ದೂ ಒಂದೈತೆ ಕೇಳು. ಒಂದು, ಮೂರು, ನಾಲ್ಕು, ಎರಡು."

"ಇದರಲ್ಲಿ ಪ್ರಾಸ ಎಲ್ಲಿದೆ?"

"ತಪ್ಪಿದ್ರೆ ಗೊತ್ತಾಗುತ್ತೆ. ಗಾಡಿ ಕೆಮ್ಮುತ್ತೆ."

ಎಂಜಿನ್ನಿನ ನಾಲ್ಕು ಸಿಲಿಂಡರಿಗೆ ಕಿಡಿ ಹೋಗಬೇಕಾದ ಸರದಿ ಅದು ಅಂತ ಆಮೇಲೆ ಹೇಳಿದಿರಿ. ಕುರಿ ಹಿಂಡಿನ ಹಿಂದೆ ನಡೆದವರ ಮಗ ನೀವು. ಕೋಲು ಬಿಟ್ಟು ಗೇರು ಹಿಡಿದಿರಿ, ಕುರಿಯ ಜಾಗಕ್ಕೆ ಜನರನ್ನು ತುಂಬಿದಿರಿ. ಮತ್ತೋಡಿನಿಂದ ಹೊಸದುರ್ಗಕ್ಕೆ ಹೋಗುವ ಜೀಪಿನಲ್ಲಿ ಜನ ಕೂತಿರುತ್ತಿದ್ದ ರೀತಿ ನೋಡಿದರೆ ದೊಡ್ಡ ವ್ಯತ್ಯಾಸವೇನೂ ಕಾಣುತ್ತಿರಲಿಲ್ಲ ಅನ್ನಿ. ಹೊರಡುವ ಮುಂಚೆ ಮಾತ್ರ ಯಾರು ಎಷ್ಟು ಕೂಗಾಡಿದರೂ ಬಾನೆಟ್ ಎತ್ತಿ ಒಳಗೆ ಒಮ್ಮೆ ನೋಡದೆ ನೀವು ಸ್ಟೇರಿಂಗ್ ಮುಟ್ಟುತ್ತಿರಲಿಲ್ಲ.

ಕೂಡಿಸುವ ಪ್ಲಾಸ್ಟಿಕ್ ಜೀಪಿನ ಡಬ್ಬ ಬಂದ ದಿನ ನೀವು ನಮ್ಮ ಮನೆಯಲ್ಲಿದ್ದಿರಿ. ಚಿತ್ರದುರ್ಗದ ಆಸ್ಪತ್ರೆಯಿಂದ ಬಂದು ಸುಧಾರಿಸಿಕೊಳ್ಳುತ್ತಿದ್ದಿರಿ. ನಿಮ್ಮ ಮೊದಲ ಪೆಟ್ರೋಲ್ ಜೀಪಿನಂಥದ್ದೇ ಮಾದರಿ, ಎಂಜಿನ್ ಸಮೇತ ಇರುವುದು ಅಂತ ಹುಡುಕಿ ತರಿಸಿದ್ದೆ. ನೀವು ಡಬ್ಬ ಅಲ್ಲಾಡಿಸಿ, ತೆಗೆದು, ಚೌಕಟ್ಟಿನಲ್ಲಿ ಸಾಲಾಗಿ ಅಂಟಿಕೊಂಡ ತುಂಡುಗಳನ್ನು ನೋಡಿ, "ಏನಪ್ಪ, ದುಡ್ಡು ಇಸ್ಕಂಡು ಬಾಚಣಿಗೆ ಕಳ್ಸವ್ರೆ" ಅಂದಿರಿ. ಆಮೇಲೆ ಒಂದೊಂದೇ ತುಂಡು ಮುಟ್ಟಿದಿರಿ. ಇದು ಬ್ಲಾಕು, ಇದು ಹೆಡ್ಡು, ಇದು ಎಕ್ಸಾಸ್ಟು... ಜಾತ್ರೆಯಲ್ಲಿ ಕಳೆದುಹೋದ ನೆಂಟರು ಸಿಕ್ಕಂತಿತ್ತು ನಿಮ್ಮ ಮುಖ.

"ಇದನ್ನ ಕೂಡ್ಸಿ ತೋರ್ಸು. ಆಮೇಲೆ ಗಾಡಿ ಅನ್ನಾಣ" ಅಂದಿರಿ.

ನಾನು ಟೈರಿನಿಂದ ಶುರು ಮಾಡಿದೆ. ಆಮೇಲೆ ಸೀಟು. ಆಮೇಲೆ ಹಿಂದಿನ ಹಲಗೆ. ಎಂಜಿನ್ ಅಂದರೆ ನನಗೆ ಭಯ ಮಾವ, ಸುಳ್ಳೇಕೆ? ನೀವು ದಿನಾ ಸಂಜೆ "ಎಲ್ಲಿಗೆ ಬಂತು?" ಅನ್ನುವಿರಿ, ನಾನು "ಬರ್ತಾ ಐತೆ" ಅನ್ನುವೆ. ಸೀಟಿಗೆ ಬಣ್ಣ ಹಚ್ಚಿ ಒಣಗಲು ಇಟ್ಟಿದ್ದೆ, ಅಷ್ಟರಲ್ಲಿ ನೀವು...

ಇರಲಿ. ಮುಂದಿನದು ಕೇಳಿ.

ಹಬ್ಬ ಹತ್ತಿರ ಬಂದಾಗ ಅತ್ತೆಮ್ಮ ಹೊಳಲ್ಕೆರೆಯ ನಮ್ಮ ಮನೆಯಲ್ಲೇ ಇದ್ದರು; ಎಡೆಯಲ್ಲಿ ಜೀಪು ಇಡೋಣ ಅಂತ ನಾನೇ ಬಾಯಿಬಿಟ್ಟೆ. ಅತ್ತೆಮ್ಮ ನಿಮ್ಮ ಹೊಸ ಪಂಚೆ ಮಡಚುತ್ತಿದ್ದವರು ಕೈ ನಿಲ್ಲಿಸಿದರು.

"ಎಂಜಿನ್ ಐತಾ?"

"ಇನ್ನೂ ಇಲ್ಲ."

"ಊನ ಇರೋದನ್ನ ಎಡೆಗೆ ಇಡಂಗಿಲ್ಲ ಕಣಪ್ಪ. ಸೀಳಿದ ವೀಳ್ಯದೆಲೆ ಇಡ್ತೀವಾ? ಬಾನೆಟ್ ಎತ್ತದೆ ಅವ್ರು ಯಾವತ್ತಾದ್ರೂ ಗಾಡಿ ಹತ್ತವ್ರಾ? ವರ್ಷಕ್ಕೊಂದು ದಿನ ಬರ್ತಾರೆ, ಎತ್ತಿ ನೋಡಿ ಖಾಲಿ ಇದ್ರೆ ಉಣ್ಣದಂಗೆ ಎದ್ದು ಹೋಗ್ತಾರೆ."

"ಎಂಜಿನ್ ಕೂಡಿಸಿದರೆ?"

"ತಿಪ್ಪೇಸ್ವಾಮಿ ನೋಡಿ ಹೂಂ ಅನ್ಲಿ, ಇಡ್ತೀನಿ. ನನಗೇನು ಗೊತ್ತಾಗುತ್ತೆ ಅದ್ರಾಗೆ? ಇಲ್ಲಾಂದ್ರೆ ಎಡೆಗೆ ಬೀಡಿ ಕಟ್ಟೇ ಸಾಕು."

ತಿಪ್ಪೇಸ್ವಾಮಿ. ಬಾಗೂರು ಲೈನಿನ ಜೀಪಿನವರು, ಹೊಸದುರ್ಗದ ಸ್ಟ್ಯಾಂಡಿನಲ್ಲಿ ನಿಮ್ಮ ಆಜನ್ಮ ವೈರಿ. ನಿಮ್ಮ ಗಾಡಿಯನ್ನು ಎಂದೂ ಒಳ್ಳೆಯದು ಅನ್ನದ ಮನುಷ್ಯ ನಿಮ್ಮ ಆಟಿಕೆಯನ್ನು ಒಳ್ಳೆಯದು ಅನ್ನಬೇಕು. ಅತ್ತೆಮ್ಮ ಪರೀಕ್ಷೆ ಇಟ್ಟರೋ, ಶಿಕ್ಷೆ ಕೊಟ್ಟರೋ?

ಬ್ಲಾಕಿನ ಎರಡು ಹೋಳು ಅಂಟಿಸಿದ ದಿನ ನನ್ನ ಹೆಬ್ಬೆರಳೂ ಅದಕ್ಕೆ ಅಂಟಿತು. ಅಂಟಿಗೆ ನಂಟು ಜಾಸ್ತಿ. ಬಿಡಿಸಿಕೊಂಡಾಗ ಬ್ಲಾಕಿನ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು, ಸಹಿ ಬರದವನು ಪತ್ರಕ್ಕೆ ಒತ್ತಿದ ಹಾಗೆ. ಉಜ್ಜಿ ತೆಗೆದೆ. ಬೆಂಕಿಪೊಟ್ಟಣದ ಅರ್ಧದಷ್ಟಿರುವ ಎಂಜಿನ್ನಿಗೆ ಉಜ್ಜುಕಾಗದ ಹಿಡಿದು ಕೂತರೆ, ಹಲ್ಲುಜ್ಜಲು ಒಲ್ಲದ ಕೂಸಿಗೆ ಹಲ್ಲುಜ್ಜಿಸಿದಂತೆ. ಹೆಡ್ಡು ಕೂರಿಸಿದೆ, ಫ್ಯಾನು ಕೂರಿಸಿದೆ, ಹೊಗೆ ಉಗುಳುವ ಎಕ್ಸಾಸ್ಟ್ ಕೊಳವೆ ಬೇರೆ ಇಟ್ಟೆ. ಡಬ್ಬದೊಳಗಿನ ಹಾಳೆ ಎಂಜಿನ್ನಿಗೆ ಹಸಿರು ಹಚ್ಚು ಅಂದಿತ್ತು. ನೀವು ಎಂಜಿನ್ ಬಿಚ್ಚಿಸಿ ಬೋರಿಂಗ್ ಮಾಡಿಸಿದಾಗಲೆಲ್ಲ ಶೆಡ್ಡಿನ ಮುಂದೆ ಕುಂತು ಬೆಳ್ಳಿ ಬಣ್ಣ ಹಚ್ಚುತ್ತಿದ್ದಿರಲ್ಲ, ಹಾಳೆಯವನಿಗೆ ಅದೇನು ಗೊತ್ತು? ಬೆಳ್ಳಿಯೇ ಹಚ್ಚಿದೆ. ಮೊದಲ ಸಲ ದಪ್ಪವಾಗಿ ಬಿತ್ತು, ಬೆಳ್ಳಿ ರೇಕು ಸುತ್ತಿದ ಪೇಡದಂತೆ ಕಂಡಿತು. ನಿಮ್ಮ ಮಗಳು ನೋಡಿ, "ಯಾವ ಮದುವೆಗೆ ಇದು?" ಅಂದಳು. ಕೆರೆದು, ತೊಳೆದು, ತೆಳ್ಳಗೆ ಮತ್ತೆ ಹಚ್ಚಿದೆ. ಆಗ ನೋಡಬೇಕಿತ್ತು. ಒಂದೊಂದು ಬೋಲ್ಟಿನ ತಲೆಯೂ ಎದ್ದು ನಿಂತು ಹಾಜರಿ ಹೇಳಿತು.

ಪ್ಲಗ್ಗಿನ ವೈರುಗಳನ್ನು ಹಾಳೆಯವನು ಮರೆತೇಬಿಟ್ಟಿದ್ದ. ಡಬ್ಬದಲ್ಲೂ ಇಲ್ಲ, ಚಿತ್ರದಲ್ಲೂ ಇಲ್ಲ. ಕಿಡಿಯೇ ಇಲ್ಲದೆ ಎಂಜಿನ್ ಏನು ಭಜನೆ ಮಾಡುತ್ತದೆಯೇ? ಹೊಲಿಗೆ ದಾರ ಹಾಕಿದೆ, ತಾಯಿತ ಕಟ್ಟಿದಂತಾಯಿತು. ಕೊನೆಗೆ ನಿಮ್ಮ ಕರಿ ಕಂಬಳಿಯ ಅಂಚಿನಿಂದ ಒಂದು ಎಳೆ ಕಿತ್ತೆ. ಸಿಟ್ಟಾಗಬೇಡಿ, ಅತ್ತೆಮ್ಮನನ್ನು ಕೇಳಿಯೇ ಕಿತ್ತಿದ್ದು. ಎಳೆಯನ್ನು ಸೀಳಿ, ಗೋಂದು ಸವರಿ, ಹೊಸೆದರೆ ಥೇಟು ರಬ್ಬರ್ ವೈರು. ಕಿಡಿ ಹಂಚುವ ಪುಟ್ಟ ಡಿಸ್ಟ್ರಿಬ್ಯೂಟರ್ ಟೋಪಿಯಿಂದ ಒಂದೊಂದೇ ಎಳೆ ಎಳೆಯುವಾಗ ನಾನು ಗಟ್ಟಿಯಾಗಿಯೇ ಹೇಳಿಕೊಂಡೆ: ಒಂದು, ಮೂರು, ನಾಲ್ಕು, ಎರಡು. ಮಾವ, ಅದರಲ್ಲಿ ಪ್ರಾಸ ಇದೆ. ನನ್ನ ಕಿವಿ ಅಂದು ಮಂದವಿತ್ತು, ಅಷ್ಟೆ.

ಇನ್ನು ಎಕ್ಸಾಸ್ಟು. ಅದಕ್ಕೂ ಬೆಳ್ಳಿ ಹಚ್ಚಿ ಒಣಗಿಸಬೇಕಿತ್ತು. ಹಸಿ ಬಣ್ಣಕ್ಕೆ ಧೂಳು ಕೂರಬಾರದು, ಮನೆಯಲ್ಲಿ ಫ್ಯಾನಿಲ್ಲದ ಕೋಣೆ ದೇವರ ಕೋಣೆ ಒಂದೇ. ಕೊಳವೆಯನ್ನೂ, ಗಾಳಿ ಡಬ್ಬಿಯನ್ನೂ, ಇನ್ನೆರಡು ಚೂರುಗಳನ್ನೂ ಹಲ್ಲುಕಡ್ಡಿಗೆ ಸಿಕ್ಕಿಸಿ, ಕಡ್ಡಿಗಳನ್ನು ಒಂದು ಬಾಳೆಹಣ್ಣಿಗೆ ಚುಚ್ಚಿ, ತಟ್ಟೆಯಲ್ಲಿಟ್ಟು ದೇವರ ಮುಂದೆ ಬಿಟ್ಟು ಸ್ನಾನಕ್ಕೆ ಹೋದೆ.

ಈಗ ನೀವೇ ಹೇಳಿ, ದೇವರ ಮುಂದೆ ತಟ್ಟೆ, ತಟ್ಟೆಯಲ್ಲಿ ಬಾಳೆಹಣ್ಣು, ಹಣ್ಣಿಗೆ ಚುಚ್ಚಿದ ಕಡ್ಡಿ. ಅತ್ತೆಮ್ಮ ಏನು ಅಂದುಕೊಳ್ಳಬೇಕು? ನಾನು ಬರುವಷ್ಟರಲ್ಲಿ ಎಲ್ಲಕ್ಕೂ ವಿಭೂತಿ, ಅರಿಶಿನ, ಕುಂಕುಮ. ಹಸಿ ಬಣ್ಣ ಎಲ್ಲವನ್ನೂ ಭಕ್ತಿಯಿಂದ ಹಿಡಿದುಕೊಂಡಿತ್ತು.

"ಅತ್ತೆಮ್ಮ, ಇದು ಬಣ್ಣ ಒಣಗೋಕೆ ಇಟ್ಟಿದ್ದು."

"ನೀನು ಪೂಜೆಗೆ ರೆಡಿ ಮಾಡಿಟ್ಟು, ಈಗ ಒಣಗಾಕೆ ಅಂತೀಯಲ್ಲಪ್ಪ."

ಮಾರನೇ ದಿನವೇ ಹಬ್ಬ. ಮತ್ತೆ ಕೆರೆದು ಹಚ್ಚಲು ಪುರುಸೊತ್ತಿಲ್ಲ. ನನ್ನ ಎದೆ ಪಂಕ್ಚರ್. ಬ್ರಷ್ಷಿನಿಂದ ಕೊಡವಿ ನೋಡೋಣ ಅಂತ ಕಿಟಕಿಯ ಬಿಸಿಲಿಗೆ ಹಿಡಿದೆ. ಮೇಲಿನ ಪುಡಿ ಉದುರಿತು, ಅಡಿಯದು ಉಳಿಯಿತು. ಕುಂಕುಮ ಬೆಳ್ಳಿಯೊಳಗೆ ಇಳಿದು ಕಂದಿತ್ತು, ಅರಿಶಿನ ಅಲ್ಲಲ್ಲಿ ಕಾದ ಕಬ್ಬಿಣದ ಹಳದಿಯಾಗಿತ್ತು, ವಿಭೂತಿ ಮೂಲೆಮೂಲೆಗೆ ಧೂಳಾಗಿ ಕೂತಿತ್ತು. ನಾನು ತಿಂಗಳುಗಟ್ಟಲೆ ಕಲಸಿದರೂ ಬರದ ಬಣ್ಣ ಅದು. ವರ್ಷಗಟ್ಟಲೆ ಸುಟ್ಟು, ತಣ್ಣಗಾಗಿ, ಮತ್ತೆ ಸುಟ್ಟ ಎಕ್ಸಾಸ್ಟು. ಬಚ್ಚಲ ಟವೆಲ್ಲಿನಲ್ಲೇ ನಿಂತು ಅತ್ತೆಮ್ಮನ ಕಾಲಿಗೆ ಬಿದ್ದೆ. "ಏನಾಗೈತೆ ಇವನಿಗೆ?" ಅಂತ ಅವರು ಮಗಳನ್ನು ಕೇಳಿದರು. ಅವಳು, "ಎಂಜಿನ್ ಬಂದೈತೆ" ಅಂದಳು.

ಹಬ್ಬದ ದಿನ ಬೆಳಿಗ್ಗೆಯೇ ನಾವೆಲ್ಲ ಮತ್ತೋಡಿನ ನಿಮ್ಮ ಮನೆಗೆ ಹೋದೆವು; ತಿಪ್ಪೇಸ್ವಾಮಿ ಬಿಳಿ ಶರ್ಟು ಹಾಕಿಕೊಂಡು ಬಂದರು. ಎಂಜಿನ್ ಕೂರಿಸಿದ ಜೀಪನ್ನು ಜಗಲಿಯ ಮೇಲಿಟ್ಟೆ. ಅವರು ಬೀಡಿ ಆರಿಸಿ, ಕುಕ್ಕರಗಾಲಿನಲ್ಲಿ ಕೂತು, ಬೆಂಕಿಕಡ್ಡಿಯಿಂದ ಬಾನೆಟ್ ಎತ್ತಿದರು. ಕಡ್ಡಿಯ ತುದಿಯಲ್ಲೇ ವೈರುಗಳನ್ನು ಹಿಂಬಾಲಿಸಿದರು. ತುಟಿ ಅಲ್ಲಾಡುತ್ತಿತ್ತು: ಒಂದು... ಮೂರು... ನಾಲ್ಕು... ಎರಡು.

"ಯಾರಲೇ ಹೇಳ್ಕೊಟ್ಟಿದ್ದು ನಿಂಗೆ?"

"ಮಾವ."

"ಹೂಂ. ಎಕ್ಸಾಸ್ಟ್ ಸರಿಯಾಗಿ ಸುಟ್ಟೈತೆ. ಹೆಂಗೆ ತಂದೆ ಈ ಬಣ್ಣ?"

"ಅದು ನಾ ಹಚ್ಚಿದ್ದು" ಅಂದರು ಅತ್ತೆಮ್ಮ ಬಾಗಿಲಿಂದ, ನಾಲ್ಕು ಊರಿಗೆ ಕೇಳುವಂತೆ.

ತಿಪ್ಪೇಸ್ವಾಮಿ ಇನ್ನೊಂದು ಸುತ್ತು ಬಗ್ಗಿ ನೋಡಿದರು. ತಲೆ ಅಡ್ಡಡ್ಡ ಆಡಿಸಿದರು. "ಒಂದು ತಪ್ಪೈತೆ. ಇದು ಅವನ ಗಾಡಿ ಅನ್ನಾಕೆ ಬರಲ್ಲ."

ನಾನೂ ಪಕ್ಕದಲ್ಲಿ ಬಗ್ಗಿದೆ. "ಏನು?"

"ಎಣ್ಣೆ ಸೋರ್ತಿಲ್ವಲ್ಲ. ಅವನ ಗಾಡಿ ನಿಂತಲ್ಲೆಲ್ಲ ರಂಗೋಲಿ ಇಡ್ತಿತ್ತು ಕಣಯ್ಯ. ಸ್ಟ್ಯಾಂಡಿನಾಗೆ ಜಾಗ ನೋಡಿದ್ರೆ ಸಾಕು, ಬಂದು ಹೋಗವ್ನೆ ಅಂತ ಗೊತ್ತಾಗದು."

ಅಷ್ಟು ಹೇಳಿ ಅವರೇ ಎದ್ದು ಒಳಗೆ ಹೋಗಿ, ದೀಪದ ಎಣ್ಣೆಗೆ ಬತ್ತಿಯ ಮಸಿ ಬೆರೆಸಿ, ಕಡ್ಡಿಯ ತುದಿಯಲ್ಲಿ ತಂದು, ಎಂಜಿನ್ನಿನ ಹೊಟ್ಟೆಯಡಿ ಒಂದು ಬೊಟ್ಟು ಇಟ್ಟರು. ದೂರ ನಿಂತು ನೋಡಿದರು. "ಈಗ ಇಡ್ರಿ" ಅಂದರು.

ಇಟ್ಟೆವು ಮಾವ. ಕಂಬಳಿ ಹಾಸಿ, ಮುದ್ದೆ, ಕೋಳಿಸಾರು, ವಡೆ, ಪಂಚೆ, ಬೀಡಿ ಕಟ್ಟು, ನಟ್ಟ ನಡುವೆ ಜೀಪು, ಬಾನೆಟ್ ಎತ್ತಿಟ್ಟು. ಧೂಪದ ಹೊಗೆ ಹಾಕಿ, ಬಾಗಿಲು ಎಳೆದುಕೊಂಡು, ನೀವು ಉಂಡು ಏಳುವವರೆಗೆ ಎಲ್ಲರೂ ಜಗಲಿಗೆ ಬಂದು ಕೂತೆವು. ಒಳಗೆ ಏನಾಯಿತೋ ನಿಮಗೇ ಗೊತ್ತು. ಹೊರಗೆ ಏನಾಯಿತು ಅಂತ ನಾನು ಹೇಳುತ್ತೇನೆ. ನಾನು ಲಗ್ನದ ದಿನಕ್ಕಿಂತ ನೆಟ್ಟಗೆ ಕೂತಿದ್ದೆ. ಬೀದಿಯಲ್ಲಿ ಹೋಗುವವರಿಗೆಲ್ಲ ಅತ್ತೆಮ್ಮ, "ನಮ್ಮ ಅಳಿಯ ಎಂಜಿನ್ ಕೂಡ್ಸವ್ನೆ" ಅಂತ ಹೇಳಿದರು. ಫ್ಲೆಕ್ಸು ಹಾಕದೆಯೇ ಊರಿಗೆಲ್ಲ ಗೊತ್ತಾಯಿತು. ನನ್ನ ವ್ಯಾಪಾರಕ್ಕೆ ಇದು ಒಳ್ಳೆಯ ಲಕ್ಷಣವಲ್ಲ.

ತಿಪ್ಪೇಸ್ವಾಮಿ ಪಕ್ಕದಲ್ಲೇ ಕೂತಿದ್ದರು, ಮುಚ್ಚಿದ ಬಾಗಿಲ ಕಡೆ ನೋಡುತ್ತ. ದನಿ ತಗ್ಗಿಸಿ ಅಂದರು:

"ಒಂದು ಮಾತು ಹೇಳ್ತೀನಿ, ಒಳಗಿರೋನಿಗೆ ಕೇಳಿಸ್ಬಾರ್ದು. ಈ ಸೀಮೆಯಾಗೆ ನಿಮ್ಮಾವನಂಗೆ ಗಾಡಿ ಓಡ್ಸೋನು ಇನ್ನೊಬ್ಬ ಇರ್ಲಿಲ್ಲ. ನಾನೂ ಇಲ್ಲ. ಅವನು ಗೇರು ಹಾಕಿದ್ರೆ ಮಡಿಲಾಗಿನ ಕೂಸಿಗೆ ಎಚ್ಚರ ಆಗ್ತಿರ್ಲಿಲ್ಲ."

"ಅವರಿಗೆ ಒಂದು ಸಲವಾದರೂ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಕೊಬ್ಬುತ್ತಿದ್ದ."

ಈಗ ನಾನು ಹೇಳಿದ್ದೇನೆ ಮಾವ. ಕೊಬ್ಬಿಕೊಳ್ಳಿ.

ನಿಮ್ಮ ಅಳಿಯ