ರಾಮಾಪುರದ ಅರ್ಜಿ

ಕೊಳ್ಳೇಗಾಲ
೧೨ ಜುಲೈ ೨೦೨೫

ಚಿರಂಜೀವಿ ಶಿವರಂಜನಿಗೆ ನಿನ್ನ ತಂದೆಯ ಆಶೀರ್ವಾದಗಳು.

ನಾನೂ ನಿನ್ನ ಅವ್ವನೂ ಆರೋಗ್ಯವಾಗಿದ್ದೇವೆ. ಅವಳ ಮಂಡಿನೋವು ಮಳೆಗಾಲದಲ್ಲಿ ಹೆಚ್ಚುವುದು ನಿನಗೆ ತಿಳಿದದ್ದೇ. ನೀನು ಫೋನಿನಲ್ಲಿ ನನ್ನನ್ನು ಪ್ರಶ್ನಿಸಿ ಹದಿನೆಂಟು ದಿನಗಳಾದವು. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ. ಸತ್ತೇಗಾಲ ಇಲ್ಲಿಂದ ಅರ್ಧ ಗಂಟೆಯ ಬಸ್ಸಿನ ದಾರಿ, ಅದಕ್ಕೆ ಅಂಚೆಯೇಕೆ ಎಂದು ನೀನು ಕೇಳಬಹುದು. ಎದುರು ಕುಳಿತರೆ ನಾನು ವಾದಕ್ಕಿಳಿಯುತ್ತೇನೆ. ಕಾಗದದ ಮೇಲಾದರೆ ಹೊಡೆದುಹಾಕಿ ಮತ್ತೆ ಬರೆಯಬಹುದು. ಇದು ಮೂರನೆಯ ಪ್ರತಿ.

ನೀನು ಕೇಳಿದ್ದು ನಿಜ. ಹೊಳೆದಂಡೆಯ ಸತ್ತೇಗಾಲದಿಂದ ನಿನ್ನನ್ನು ಹೊಳೆಯೇ ಇಲ್ಲದ ರಾಮಾಪುರಕ್ಕೆ ವರ್ಗಾಯಿಸಬೇಕೆಂದು ಮೇಲಿನವರಿಗೆ ಅರ್ಜಿ ಬರೆದವನು ನಾನೇ. ಗ್ರಾಮ ಆಡಳಿತ ಅಧಿಕಾರಿಯಾದ ನಿನ್ನ ಒಪ್ಪಿಗೆಯನ್ನು ಕೇಳಲಿಲ್ಲ. ಶಿರಸ್ತೇದಾರನಾಗಿ ನಿವೃತ್ತನಾಗುವವರೆಗೆ ಯಾರ ಬಾಗಿಲಲ್ಲೂ ನಿಂತು ಬೇಡದವನು, ನಿನಗಾಗಿ ನಿಂತೆ. “ಅಣ್ಣ ಹೋದ ಅಂತ ನನ್ನನ್ನ ಒಣಗಿಸಿ ಎತ್ತಿಡ್ತೀರಾ ಅಪ್ಪ?” ಎಂದು ನೀನು ಅಂದು ಫೋನಿನಲ್ಲಿ ಕೇಳಿದೆ.

ಬುಧವಾರ ನೀನು ಚಾಮರಾಜನಗರಕ್ಕೆ ತರಬೇತಿಗೆ ಹೋಗಿದ್ದಾಗ ನಾನು ಸತ್ತೇಗಾಲಕ್ಕೆ ಬಂದಿದ್ದೆ. ನಿನಗೆ ತಿಳಿಸದೆ ಬಂದದ್ದು ಎರಡನೆಯ ತಪ್ಪು ಎಂದು ಬರೆದುಕೋ. ನೆರೆ ಬಂದರೆ ದನಕರುಗಳನ್ನು ಕಟ್ಟಲು ನೀನು ಗೊತ್ತುಮಾಡಿರುವ ದಿಬ್ಬದ ಮೇಲಿನ ಹಳೆಯ ಆಲೆಮನೆಯನ್ನು ನೋಡಿದೆ. ಸಾಲಾಗಿ ಗೂಟಗಳು, ಒಂದೊಂದರ ಮೇಲೂ ಬಣ್ಣದಲ್ಲಿ ಒಂದೊಂದು ಮನೆಯವರ ಹೆಸರು. ದೊಡ್ಡಬಸಮ್ಮ ಎಂಬ ವೃದ್ಧೆ ತನ್ನ ಗೂಟವನ್ನು ಅಲ್ಲಾಡಿಸಿ ಪರೀಕ್ಷಿಸುತ್ತಿದ್ದರು. ನಾನು ಯಾರೆಂದು ತಿಳಿದೊಡನೆ ದೂರು ಆರಂಭವಾಯಿತು.

“ನನ್ ಎಮ್ಮೆ ಪಕ್ಕ ಈ ಮಾದಣ್ಣನ ಓರಿ ಕಟ್ಟುಸ್ಬ್ಯಾಡಿ ಅಂತ ಏಳಿ ಸಾ ನಿಮ್ ಮಗಳ್ಗೆ. ಅದೂ ಇವನಂಗೇ, ಪಕ್ಕದೋರ ಮೇವ್ಗೆ ಬಾಯಾಕ್ತದೆ.”

ನಿನ್ನ ಗ್ರಾಮ ಸಹಾಯಕ ಮಾದಣ್ಣ ಅಲ್ಲೇ ನಿಂತು ನಗುತ್ತಿದ್ದ. ಜನರನ್ನು ಬಿಟ್ಟು ಮೊದಲು ದನಗಳಿಗೇಕೆ ಈ ಏರ್ಪಾಡು ಎಂದು ನಾನು ಗಂಭೀರವಾಗಿಯೇ ಕೇಳಿದೆ. ದೊಡ್ಡಬಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಓದ್ ವರ್ಸ ನೀರ್ ಬಂದಾಗ ನಿಮ್ ಮಗ್ಳು ನಮ್ಮುನ್ನ ಎದ್ದೇಳಿ ಅಂತ್ಲೇ ಅನ್ನಲಿಲ್ಲ ಸಾ. ಅಸ ಎಮ್ಮೆ ಬಿಚ್ಚುಸ್ಕಂಡು ಮುಂದ್ಕೆ ಓದ್ಳು. ಅವು ಓದ್ ಮ್ಯಾಕೆ ನಮ್ಗಿಲ್ಲಿ ಯಾನ್ ಕ್ಯಾಮೆ? ನಾವೂ ಇಂದ್ಲೇ ಓದೊ.”

ಮಾದಣ್ಣ ದನಿಗೂಡಿಸಿದ: “ನಿಮ್ ಕಾಲ್ದಲ್ಲಿ ನೀವು ಮೈಕ್ ಇಡ್ಕಂಡು ಅರ್ಧ ಗಂಟೆ ಭಾಷ್ಣ ಮಾಡ್ತಿದ್ರಿ ಸಾ. ಬಲು ಚೆಂದಾಗಿರದು. ನಿಂತ್ಕಂಡು ಕೇಳ್ತಿದ್ದೊ, ಊರು ಬಿಡದೇ ಮರ್ತೋಗದು.”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಹನ್ನೊಂದು ಪಾರಿತೋಷಕ ಗೆದ್ದ ನಾಲಿಗೆಗೆ ಇಂಥ ವಿಮರ್ಶೆ ಹಿಂದೆ ಸಿಕ್ಕಿರಲಿಲ್ಲ. ನಾನೂ ನಕ್ಕೆ ಎಂದರೆ ನಿನ್ನ ಅವ್ವ ನಂಬಲಿಲ್ಲ.

ಮೂವತ್ತು ವರ್ಷ ನಾನು ನಿಯಮದಂತೆ ಜನರನ್ನು ಮೊದಲು ಸಾಗಿಸಿದೆ. ಕಾಳಜಿ ಕೇಂದ್ರದಲ್ಲಿ ಅವರಿಗೆ ಬಿಸಿ ಅನ್ನ ಬಡಿಸಿದೆ. ಅವರು ಉಂಡು ಕೈತೊಳೆದು, ಕಟ್ಟಿಬಂದ ದನವನ್ನು ನೆನೆದು, ನಮ್ಮ ಕಣ್ಣು ತಪ್ಪಿಸಿ ನೀರಿಗೆ ಹಿಂತಿರುಗುತ್ತಿದ್ದರು. ಇದನ್ನು ನಾನು ಜನರ ಮೌಢ್ಯವೆಂದು ವರದಿಗಳಲ್ಲಿ ಬರೆದಿದ್ದೇನೆ. ೨೦೧೯ರಲ್ಲಿ ಅಗ್ನಿಶಾಮಕ ದಳದ ನಿನ್ನ ಅಣ್ಣ ಉದಯಕುಮಾರ್ ಎರಡನೆಯ ಬಾರಿ ಬೋಟು ಇಳಿಸಿದ್ದು ಹಾಗೆ ಎಮ್ಮೆ ಬಿಚ್ಚಲು ಹಿಂತಿರುಗಿದ್ದ ಒಬ್ಬನಿಗಾಗಿ. ಆ ಮನುಷ್ಯ ಮರ ಹಿಡಿದು ಬದುಕಿದ. ಬೋಟು ಮಗುಚಿತು.

ನಿನ್ನ ಗೂಟಗಳ ಸಾಲನ್ನು ನಾನು ಎರಡು ಬಾರಿ ಎಣಿಸಿದೆ. ಅರವತ್ತೆಂಟು. ಬಸ್ಸು ಬರುವವರೆಗೆ ಅಲ್ಲಿಯೇ ಕುಳಿತಿದ್ದೆ.

ನಿನ್ನೆ ಕಚೇರಿಗೆ ಹೋಗಿ ರಾಮಾಪುರದ ಅರ್ಜಿಯನ್ನು ಲಿಖಿತವಾಗಿ ಹಿಂತೆಗೆದುಕೊಂಡೆ. ಮೊಹರಾದ ಸ್ವೀಕೃತಿ ಪ್ರತಿಯನ್ನು ಲಗತ್ತಿಸಿದ್ದೇನೆ, ಜೋಪಾನವಾಗಿಡು. ಹೊಳೆಯ ಭಯ ನನ್ನಿಂದ ಹೋಗಿಲ್ಲ. ಆದರೆ ಅದು ನನ್ನ ಭಯ, ಅದರ ಹೆಸರಿನಲ್ಲಿ ನಿನ್ನನ್ನು ವರ್ಗಾಯಿಸುವ ಅಧಿಕಾರ ನನಗಿಲ್ಲ. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ನೀನೇ ಎಳೆದು ನೋಡು, ಇನ್ನೊಬ್ಬರ ಮಾತಿಗೆ ಬಿಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಹೊಳೆ ನಿನ್ನ ಮಾತು ಕೇಳದಿದ್ದರೂ ಊರು ಕೇಳಲಿ. ನೂರು ಕಾಲ ಬಾಳು.

ನಿನ್ನ ತಂದೆ,
ಮಲ್ಲಿಕಾರ್ಜುನಸ್ವಾಮಿ

ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಬೋಟು ಮಗುಚಿದ ದಿನ ಮಧ್ಯಾಹ್ನ ನಾನು ನೆರೆಯ ಕಂಟ್ರೋಲ್ ರೂಮಿನಲ್ಲಿದ್ದೆ. ಉದಯ ನನ್ನ ಸ್ವಂತ ಫೋನಿಗೆ ಕರೆ ಮಾಡಿದ. “ಅಪ್ಪ, ಸೆಳೆತ ಜೋರಾಗಿದೆ. ಇನ್ನೊಂದು ಬೋಟು ಬರೋವರೆಗೂ ಕಾಯ್ಲಾ?” ಎಂದ. ಅಲ್ಲೊಂದು ಜೀವವಿರುವಾಗ ಕಾಯುವ ಪ್ರಶ್ನೆಯೇ ಇಲ್ಲ, ಹೊಣೆ ಹೊತ್ತವನು ಅಪ್ಪನನ್ನು ಕೇಳಿಕೊಂಡು ಕೆಲಸ ಮಾಡಬಾರದು ಎಂದೆ. “ಸರಿ ಅಪ್ಪ” ಎಂದು ಫೋನು ಇಟ್ಟ. ವಿಚಾರಣೆಯಲ್ಲಿ ‘ಮೇಲಿನಿಂದ ಸೂಚನೆ ಬಂದಿತ್ತು’ ಎಂದಷ್ಟೇ ದಾಖಲಾಯಿತು. ಯಾರ ಸೂಚನೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆರು ವರ್ಷಗಳಿಂದ ನಿನ್ನ ಅವ್ವ ದೀಪ ಹಚ್ಚುವಾಗಲೆಲ್ಲ ಆ ಹೆಸರಿಲ್ಲದ ಆಫೀಸರನನ್ನು ಶಪಿಸುತ್ತಾಳೆ. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತು ಕೇಳುತ್ತೇನೆ. ಇಪ್ಪತ್ತನೆಯ ತಾರೀಖು ಭಾನುವಾರ ಅವಳಿಗೆ ಹೇಳುತ್ತೇನೆ. ನೀನು ಬಾ. ಹೇಳುವಾಗ ಅವಳ ಪಕ್ಕದಲ್ಲಿ ಕುಳಿತಿರು.