ಒಗೆಯದ ಸೀರೆ

ಕಾಶಿ, ಜಂಗಮವಾಡಿ
ಮಾರ್ಗಶಿರ ಶುದ್ಧ ನವಮಿ, ಮಧ್ಯಾಹ್ನ

…ಅದಕ್ಕೇ ಸೌದೆ ರಾಶಿ ಪಕ್ಕದಲ್ಲೇ ಮಣೆ ಹಾಕ್ಕೊಂಡು ಕೂತಿದೀನಿ ಅಂತ ಹೇಳ್ತಿದ್ದೆ ನೋಡು, ಅಷ್ಟರಲ್ಲಿ ಹೆಬ್ಬೆರಳು ಜಾರಿ ಹೇಳಿದ್ದೆಲ್ಲ ಅಳಿಸಿಹೋಯ್ತು. ತಪ್ಪು ತಿಳೀಬೇಡಮ್ಮ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಅದಕ್ಕೂ ಮುಂಚೆ ಒಂದು ಸಲ ಶುರು ಮಾಡಿದ್ದೆ, ಆಗ ಪಕ್ಕದ ಗಲ್ಲೀಲಿ ಮದುವೆ ಬ್ಯಾಂಡು ಬಂತು. ಫೋನಲ್ಲಿ ಮಾತಾಡಿ ಕಳಿಸಿದ್ರೂ ಕಾಗದದ ಹಾಗೇ ಇರ್ಬೇಕು, ಊರು, ತಿಥಿ, ನಮಸ್ಕಾರ ಇಲ್ಲದೆ ಮಾತಾಡಿದ್ರೆ ಗ್ಯಾಸ್ ಸಿಲಿಂಡರಿನವನು ಕೂಗಿದ ಹಾಗಿರುತ್ತೆ ಅಂತ ನೀನೇ ಅಂದದ್ದು. ಊರು, ತಿಥಿ ಆಯ್ತು. ಇನ್ನು ನಮಸ್ಕಾರ.

ಪ್ರೀತಿಯ ಅಮ್ಮಾ, ಇಲ್ಲಿಂದಲೇ ನಿನ್ನ ಬದರಿ ನಿನ್ನ ಕಾಲಿಗೆ ಬಿದ್ದಿದಾನೆ ಅಂತ ತಿಳ್ಕೋ. ಆಪರೇಷನ್ ಆದ ಕಾಲಿಗಲ್ಲ, ಇನ್ನೊಂದಕ್ಕೆ. ಮಂಡಿ ಹೇಗಿದೆ? ಹೊಲಿಗೆ ಬಿಚ್ಚಿದ ಮೇಲೆ ಉರಿ ಕಡಿಮೆ ಆಯ್ತಾ? ನೀನು ವಾಕರ್ ಹಿಡಿಯೋಕೆ ಒಪ್ಪದೆ ಮೈಸೂರಿನ ಗೋಡೆಗಳನ್ನೆಲ್ಲ ಹಿಡ್ಕೊಂಡು ಓಡಾಡ್ತಿದೀಯ ಅಂತ ನಿನ್ನ ಮಗಳು ಕಾತ್ಯಾಯನಿ ದೂರು ಹೇಳಿದ್ಲು. ಅವಳ ಮಾತು ಕೇಳು. ಅವಳು ಚಿಕ್ಕವಳಾದ್ರೂ ಮನೆ ಅವಳದು. ಇಲ್ಲಿ ಚಳಿ ಹಿಡಿದಿದೆ. ಬೆಳಗ್ಗೆ ದಶಾಶ್ವಮೇಧದಲ್ಲಿ ಯಾತ್ರಿಕರಿಗೆ ಸಂಕಲ್ಪ ಹೇಳಿಸುವಾಗ ಎದುರಿನ ದೋಣಿ ಕಾಣಲ್ಲ, ಅಂಬಿಗನ ಕೆಮ್ಮು ಮಾತ್ರ ಕೇಳುತ್ತೆ. ನಾನು ಚೆನ್ನಾಗಿದೀನಿ, ನಿನ್ನ ಸೊಸೆ ಶ್ರೀರಮಾನೂ ಚೆನ್ನಾಗಿದಾಳೆ.

ಚೆನ್ನಾಗಿಲ್ಲದ್ದು ನಿನ್ನ ಬೆಕ್ಕು, ಸಾಸಿವೆ. ಅಂದ್ರೆ, ಎದೆ ಮೇಲೆ ಕೈ ಇಟ್ಕೋಬೇಡ, ಬದುಕಿದೆ, ನನ್ನ ಕಣ್ಣೆದುರಿಗೇ ಇದೆ. ಆದ್ರೆ ಮನೇಲಿಲ್ಲ. ಫೋನ್ ಮಾಡಿದಾಗೆಲ್ಲ ಮೊದಲು ನನ್ನ ಕೇಳ್ತೀಯ, ಆಮೇಲೆ ಶ್ರೀರಮಾನ್ನ, ಕೊನೇಲಿ ಏನೋ ನೆನಪಾದವಳ ಹಾಗೆ 'ಆ ಶನಿಗೆ ಹಾಲಿಟ್ರೇನೋ' ಅಂತೀಯ. ಆ ಕೊನೇ ಪ್ರಶ್ನೆಗೋಸ್ಕರಾನೇ ಫೋನ್ ಮಾಡೋದು ಅಂತ ನಮಗೆ ಗೊತ್ತಿಲ್ವಾ? ಇಟ್ವಿ ಅಂತ ಶ್ರೀರಮಾ ಹೇಳಿದ್ದು ಸುಳ್ಳಲ್ಲ. ಬಟ್ಟಲು ದಿನಾ ಇಡ್ತಿದೀವಿ. ಕುಡಿಯೋಕೆ ಅದು ಬರ್ತಿಲ್ಲ, ಅಷ್ಟೇ.

ಆದದ್ದು ಹೀಗೆ. ನಂಜನಗೂಡಿನ ದಾಯಾದಿ ತೀರಿಕೊಂಡು ನಮಗೆಲ್ಲ ಸೂತಕ ಬಂತಲ್ಲ. ಸೂತಕ ಕಳೆದ ದಿನ ನೀನು ಮೈಸೂರಲ್ಲಿ ಮಂಚದ ಮೇಲೆ ಕೂತು ಫೋನಲ್ಲೇ ನಮ್ಮ ಕೈಲಿ ಕಾಶಿ ಮನೆ ತೊಳೆಸಿದೆ. 'ಮಂಚದ ಕೆಳಗಿನ ಚಿಂದೀನೂ ಬಿಡಬೇಡಿ, ಎಲ್ಲಾ ನೆನೆಸಿ' ಅಂದೆ. ನೆನೆಸಿದ್ವಿ. ನಿನ್ನ ಸೀರೆಗಳು, ದಿಂಬಿನ ಚೀಲ, ಬಾಗಿಲ ಪರದೆ, ಸಾಸಿವೆ ಮಲಗೋ ಹಳೇ ಸೀರೆ ತುಂಡು, ಎಲ್ಲಾ ಅಂಟುವಾಳದ ನೀರಲ್ಲಿ ಮುಳುಗಿ, ಗಂಗೇನೂ ಕಂಡು ಬಂದ್ವು. ರಜಾಯಿ ಹತ್ತಿ ಬಡಿಯೋನ ಹತ್ರ ಹೋಯ್ತು. ನೆಲಕ್ಕೆ ಗೋಮಯ, ಮೂಲೆಮೂಲೆಗೂ ಸಾಂಬ್ರಾಣಿ ಹೊಗೆ. ಸಂಜೆ ಹೊತ್ತಿಗೆ ಮನೆ ಹೇಗಿತ್ತು ಅಂದ್ರೆ, ನಾನೇ ಚಪ್ಪಲಿ ಬಿಟ್ಟು ಒಳಗೆ ಬಂದು ದಕ್ಷಿಣೆ ಎಲ್ಲಿಡ್ಲಿ ಅಂತ ನೋಡೋ ಹಾಗಿತ್ತು.

ಸಾಸಿವೆ ಈ ಗಲಾಟೆಗೆ ಹೆದರಿ ಪಕ್ಕದ ಮನೆ ತಾರಾದೇವಿಯವರ ಮಾಳಿಗೆ ಹತ್ತಿತ್ತು. ದೀಪ ಹಚ್ಚೋ ಹೊತ್ತಿಗೆ ಇಳಿದು ಬಂತು. ಶ್ರೀರಮಾ ನೋಡ್ತಾನೇ ಇದ್ಲಂತೆ. ಹೊಸ್ತಿಲ ಹತ್ರ ನಿಂತು ಮೂಗು ಚಾಚಿತಂತೆ. ಒಂದು ಕಾಲು ಒಳಗಿಟ್ಟು ಮತ್ತೆ ತೆಗೀತಂತೆ. ಯಾರದೋ ಮನೆಗೆ ತಪ್ಪಿ ಬಂದವರು ನಾಚಿಕೊಂಡು ಹಿಂದೆ ಸರೀತಾರಲ್ಲ, ಹಾಗೆ. ಇವಳು 'ಬಾರೇ ಸಾಸಿವೇ' ಅನ್ನೋಷ್ಟರಲ್ಲಿ ಗಲ್ಲಿ ತಿರುಗಿಯಾಗಿತ್ತು. ಎರಡೂ ಕಣ್ಣಿಗೆ ಪೊರೆ ಬಂದ ಮುದುಕಿ ಅದು. ಬಾಗಿಲ ಬಣ್ಣ ಅದಕ್ಕೇನು ಗೊತ್ತು? ನಮ್ಮ ಮೈ ವಾಸನೇನೇ ಅದರ ವಿಳಾಸ. ಆ ವಿಳಾಸಾನ ನಾವೇ ಮೂವರೂ ಸೇರ್ಕೊಂಡು, ನೀನು ಅಲ್ಲಿಂದ ಹೇಳಿ ನಾವು ಇಲ್ಲಿಂದ ಉಜ್ಜಿ, ತೊಳೆದು ಹಾಕಿದ್ವಿ.

ಅಸ್ಸಿ ಕಡೆ ಒಬ್ಬರು ಪ್ರಾಣಿಗಳ ಡಾಕ್ಟ್ರಿದಾರೆ, ಅವರನ್ನ ಹೋಗಿ ಕೇಳಿದೆ. ಪಾಪ, ಒಳ್ಳೇವರು, ಕೂರಿಸಿ ಹೇಳಿದ್ರು. ಅದು ಯಾರ ಮಗ್ಗುಲಲ್ಲಿ ಮಲಗ್ತಿತ್ತೋ ಅವರು ಉಟ್ಟು ಬಿಟ್ಟ ಬಟ್ಟೆ ಬೇಕು, ಅದನ್ನ ಬಾಗಿಲಲ್ಲಿ ಹಾಕಿ, ವಾಸನೆ ಹಿಡಿದು ಬರುತ್ತೆ ಅಂದ್ರು. 'ಮಾತಾಜೀ ಕಾ ಕೋಯೀ ಬಿನಾ ಧುಲಾ ಕಪಡಾ ತೋ ಹೋಗಾ ಘರ್ ಮೇಂ?' ಒಗೆಯದ ಬಟ್ಟೆ ಒಂದಾದ್ರೂ ಇರುತ್ತಲ್ವಾ ಅಂತ! ನನಗೆ ನಗು ಬಂತಮ್ಮ. ಬಿಚ್ಚಿದ ಬಟ್ಟೆ ನೀರಿಗೆ ಬೀಳೋ ಮುಂಚೆ ನೆಲಕ್ಕೆ ಬೀಳಬಾರದು ಅನ್ನೋ ಮನೆ ನಮ್ಮದು, ಅವರಿಗೆ ಏನಂತ ಹೇಳ್ಲಿ?

ಆದ್ರೂ ಬಂದು ಹುಡುಕಿದೆ. ಐವತ್ತು ತುಂಬಿದ ಗಂಡಸು, ನಿನ್ನ ಟ್ರಂಕು ತೆಗೆದು ಒಂದೊಂದೇ ಸೀರೆಗೆ ಮೂಗಿಟ್ಟು ಕೂತಿದ್ದೆ. ಅಂಟುವಾಳ, ಬಿಸಿಲು, ಕರ್ಪೂರ. ನೀನಿಲ್ಲ. ದಿಂಬಲ್ಲಿ ನೋಡಿದೆ, ಅಲ್ಲೂ ಇಲ್ಲ. ಶ್ರೀರಮಾ ಬಾಗಿಲಲ್ಲಿ ಬಂದು ನಿಂತಳು. ಈಗ ಏನೋ ತಮಾಷೆ ಮಾಡ್ತಾಳೆ ಅಂದ್ಕೊಂಡೆ. ಮಾಡ್ಲಿಲ್ಲ. ಪಕ್ಕದಲ್ಲಿ ಕೂತು ಅವಳೂ ಒಂದು ಸೀರೆ ಎತ್ತಿ ಮೂಸಿ, ಮಡಿಚಿಟ್ಟಳು. ಅವತ್ತೇ ನಿರ್ಧಾರ ಮಾಡಿದೆ, ಇದನ್ನ ಮನೆಗೆ ತಂದೇ ತೀರೋದು ಅಂತ.

ಮೊದಲು ನಿನ್ನ ಮಂಡಿ ತೈಲದ ಯೋಚನೆ ಬಂತು. ಗೊದೌಲಿಯಾದ ಅದೇ ಅಂಗಡೀಲಿ ಅದೇ ಬಾಟಲಿ ತಂದು ಹೊಸ್ತಿಲಿಗೆ ಸವರಿದೆ, ನನ್ನ ಎರಡೂ ಮಂಡಿಗೆ ಹಚ್ಕೊಂಡು ಗಲ್ಲಿ ಗಲ್ಲಿ ಓಡಾಡಿದೆ. ಅದೇ ವಾಸನೇಲಿ ಘಾಟಿಗೂ ಹೋದೆ. ಚಿತ್ರದುರ್ಗದ ಕಡೆ ಯಾತ್ರಿಕರೊಬ್ಬರು ತರ್ಪಣದ ನಡುವೆ ತಡೀಲಾರದೆ ಕೇಳಿದ್ರು: 'ಆಚಾರ್ರೇ, ದಿನಾ ಮುಳುಗೋ ನಿಮಗೇ ಇಷ್ಟು ಮಂಡಿ ನೋವಿದ್ರೆ, ಒಂದು ಮುಳುಗು ಹಾಕಿದ ನಮಗೇನು ಸಿಗುತ್ತೆ?' ಬೆಕ್ಕು ಮಾತ್ರ ಬರ್ಲಿಲ್ಲ. ಬರೀ ತೈಲ ಅಂಗಡಿ ವಾಸನೆ ಕಣಮ್ಮ, ಅದು ನಿನ್ನ ಮೈಗೆ ಹತ್ತಿದ ಮೇಲೇನೇ ನಿನ್ನದಾಗೋದು. ತಾರಾದೇವಿಯವರು ಮೇಲಿಂದ ಬಗ್ಗಿ, 'ಪಂಡಿತ್‌ಜೀ, ಮಛಲೀ ಕಾ ಪಾನೀ ರಖಿಯೇ ದುವಾರೀ ಪರ್, ಪೂರೀ ಬಾರಾತ್ ಆಯೇಗೀ' ಅಂದ್ರು. ಮೀನು ತೊಳೆದ ನೀರಿಟ್ರೆ ಬೆಕ್ಕುಗಳ ದಿಬ್ಬಣಾನೇ ಬರುತ್ತಂತೆ. ದಿಬ್ಬಣ ಬೇಡಮ್ಮಾ, ನಮ್ಮ ಮುದುಕಿ ಒಬ್ಬಳು ಸಾಕು ಅಂದೆ.

ಮೊನ್ನೆ ಈ ಕಮಲಾದೇವಿಯವರ ಫೋನ್ ಬಂತು. ನಿನಗೆ ಗೊತ್ತಲ್ಲ, ಗದಗಿನ ಕಡೆಯವರು, ಜಂಗಮವಾಡೀಲಿ ಯಾತ್ರಿಕರಿಗೆ ಜೋಳದ ರೊಟ್ಟಿ ಮಾಡಿ ಹಾಕ್ತಾರೆ, ಪ್ರತಿ ಸಲ ನಿನಗೆ ಶೇಂಗಾ ಚಟ್ನಿ ಕೊಟ್ಟುಕಳಿಸೋರು. 'ಆಚಾರ್ರ, ನಿಮ್ಮವ್ವನ ಬೆಕ್ಕು ನಮ್ಮ ಸೌದಿ ಕೆಳಗ ಕುಂತೈತಿ ನೋಡ್ರಿ. ಗಲ್ಲಿ ಹುಡುಗ್ರು ಹಿಂದೀಲೆ ಕರದ್ರ ಹೊಳ್ಳಿ ನೋಡಂಗಿಲ್ಲ, ನಾ ಕನ್ನಡದಾಗ ಬೈದ್ರ ಕಿವಿ ಎತ್ತತೈತಿ' ಅಂದ್ರು. ಓಡಿ ಬಂದೆ. ಸೌದೆ ಸಂದೀಲಿ ಬಿಳೀ ಮೂತಿ, ಮೂಗಿನ ಮೇಲೆ ಅದೇ ಕರೀ ಚುಕ್ಕೆಗಳು. ಬಗ್ಗಿ ಕೈ ಚಾಚಿದೆ. ಮೂಸಿ ನೋಡ್ತು. ಇನ್ನೂ ಸಾಂಬ್ರಾಣಿ ಹೋಗಿಲ್ಲದ ಕೈ. ಇನ್ನಷ್ಟು ಒಳಗೆ ಸರೀತು. ನೀನು ಕಳಿಸಿದ ಹಳೇ ಮಾತುಗಳನ್ನ ಫೋನಲ್ಲಿ ಹಾಕಿ ಕೇಳಿಸಿದೆ. ತಲೆ ಎತ್ತಿ ಸುತ್ತ ಮೂಸಿ ಮೂಸಿ ನೋಡ್ತು, ದನಿ ಇದೆ, ಮನುಷ್ಯಳೆಲ್ಲಿ ಅಂತ. ಆಮೇಲೆ ಬೆನ್ನು ತಿರುಗಿಸಿ ಕೂತ್ಕೊಂಡ್ತು. ಅದನ್ನ ಎರಡನೇ ಸಲ ಮಾಡಲಾರೆ ಅನ್ನಿಸ್ತು.

ಬುಟ್ಟಿ ಮುಚ್ಚಿ ಹಿಡೀಬಹುದಲ್ಲ ಅಂತ ನೀನು ಕೇಳ್ತೀಯ. ಪ್ರಯತ್ನಪಟ್ಟೆ. ಮುಂಗೈ ಪರಚಿದ್ದನ್ನ ಯಾತ್ರಿಕರಿಗೆ ದರ್ಭೆ ತಗುಲಿದ್ದು ಅಂತ ಹೇಳ್ತಿದೀನಿ. ಹೆದರಿಸಿದ್ರೆ ದೊಡ್ಡ ರಸ್ತೆಗೆ ಓಡುತ್ತಮ್ಮ, ಆ ಇ-ರಿಕ್ಷಾಗಳ ನಡುವೆ ಕಣ್ಣು ಕಾಣದ್ದು ಏನು ಮಾಡುತ್ತೆ? ಹಿಡಿದು ತಂದ್ರೂ ಒಗೆದ ಮನೆಗೇ ತಾನೇ ತರೋದು, ಬಾಗಿಲು ತೆಗೆದ ಕ್ಷಣ ಮತ್ತೆ ಹೋಗುತ್ತೆ. ಅದೇ ನಡೆದು ಬರ್ಬೇಕು. ಅದಕ್ಕೆ ನನ್ನ ಲೆಕ್ಕ ಹೀಗಿದೆ: ನಿನ್ನ ವಾಸನೆ ಇರೋ ಬಟ್ಟೆ ಈ ಸೌದೆ ಪಕ್ಕ ಹಾಸೋದು. ಅದರ ಮೇಲೆ ಅದು ಮಲಗಿ ಅಭ್ಯಾಸ ಆಗ್ಲಿ. ಆಮೇಲೆ ದಿನಾ ಒಂದಿಷ್ಟು ನಮ್ಮ ಮನೆ ಕಡೆಗೆ ಸರಿಸೋದು. ಮೊದಲು ಕಮಲಾದೇವಿಯವರ ಬಾಗಿಲಿಗೆ, ತಿರುವಿನ ಚಹಾ ಅಂಗಡಿ ಬೆಂಚಿನ ಕೆಳಗೆ, ತಾರಾದೇವಿಯವರ ಮೆಟ್ಟಿಲಿಗೆ, ಕೊನೆಗೆ ನಿನ್ನ ಮಂಚದ ಕೆಳಗೆ. ಚಹಾದವನಿಗೆ ಹೇಳಿಯಾಗಿದೆ, ನಾಯಿಗಳನ್ನ ಅವನು ನೋಡ್ಕೊಳ್ತಾನೆ. ಶ್ರೀರಮಾ ಸಾಂಬ್ರಾಣಿ ನಿಲ್ಲಿಸಿ, ಬೀದಿ ಕಿಟಕಿ ತೆಗೆದಿಟ್ಟು ಇಂಗಿನ ಒಗ್ಗರಣೆ ಹಾಕ್ತಿದಾಳೆ. ಸಂಕ್ರಾಂತಿ ಆಗ್ಲಿ, ಶಿವರಾತ್ರಿ ಆಗ್ಲಿ, ನಾನು ಬಿಡಲ್ಲ. ದಿನಾ ಘಾಟಿನ ಕೆಲಸ ಮುಗಿಸಿ ಇಲ್ಲಿ ಬಂದು ಕೂತು ಹೀಗೇ ಕನ್ನಡದಲ್ಲಿ ಮಾತಾಡ್ತಿರ್ತೀನಿ. ಈಗ ನಿನಗೆ ಹೇಳ್ತಿರೋದನ್ನೆಲ್ಲ ಅದೂ ಕೇಳಿಸ್ಕೊಳ್ತಿದೆ, ಒಂದು ಕಿವಿ ನನ್ನ ಕಡೆಗಿದೆ.

ಸರಿ. ಕಾತ್ಯಾಯನಿಗೆ ನನ್ನ ಆಶೀರ್ವಾದ, ಅವಳ ಯಜಮಾನರಿಗೆ ನಮಸ್ಕಾರ. ನಮ್ಮಿಬ್ಬರ ತಲೆ ಮೇಲೆ ಅಲ್ಲಿಂದಲೇ ಕೈಯಿಡು. ಮಾತ್ರೆ ಊಟ ಆದ ಮೇಲೆ, ಮರೀಬೇಡ.

ನಿನ್ನ ಮಗ,
ಬದರೀನಾರಾಯಣ

ಅಮ್ಮಾ, ತಡಿ, ಇನ್ನೂ ಮುಗಿದಿಲ್ಲ. ಅಸಲು ಮಾತು ಹೇಳೋಕೆ ಬಾಯಿ ಬರದೆ ಇಷ್ಟೆಲ್ಲ ಹೇಳಿದೆ. ನೀನು ಉಟ್ಟ ಒಂದು ಸೀರೆ ಬೇಕು. ಒಗೆಯದ್ದು. ಆಸ್ಪತ್ರೇಲಿ ನೀನು ಹೊದ್ಕೊಂಡಿದ್ದ ಶಾಲು ಆಗಲ್ಲ, ಮೈಲಿಗೆ ಅಂತ ಕಾತ್ಯಾಯನಿ ಮಷೀನಿಗೆ ಹಾಕಿದ್ಲಂತೆ, ವಿಚಾರಿಸಿದೆ. ಇವತ್ತು ಒಂದು ನೂಲಿನ ಸೀರೆ ಉಟ್ಕೋ, ನಮ್ಮ ವಿಷ್ಣುತೀರ್ಥ ಅಲ್ಲಿಂದ ಹೊರಡೋವರೆಗೂ ಅದರಲ್ಲೇ ಮಲಗು, ಮಂಡಿಗೆ ತೈಲ ಹಚ್ಚಿದ ಕೈ ಅದಕ್ಕೇ ಒರೆಸ್ಕೋ. ಅವನು ಈ ವಾರ ಮೈಸೂರಿಂದ ಯಾತ್ರಿಕರನ್ನ ಕರ್ಕೊಂಡು ರೈಲಲ್ಲಿ ಬರ್ತಿದಾನೆ, ಅವನ ಕೈಲಿ ಕಳಿಸು. ಆದ್ರೆ ಅದು ಉಟ್ಟ ಸೀರೆ ಅಂತ ಅವನಿಗೆ ಹೇಳ್ಬೇಡ, ನಮ್ಮೆಲ್ಲರಿಗಿಂತ ಮಡಿವಂತ ಅವನು, ನಿನಗೆ ಉಪಕಾರ ಅಂತ ಗಂಗೇಲಿ ಅದ್ದಿ ಹಿಂಡಿ ತಂದುಕೊಡ್ತಾನೆ. ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಬಿಗಿ ಮಾಡು. ಮೈಲಿಗೆ ಬಟ್ಟೆ ಊರು ದಾಟಿಸಿದ ದೋಷ ನನಗಿರ್ಲಿ, ಹೇಗೂ ದಿನಾ ಮುಳುಗ್ತೀನಿ. ಮತ್ತೆ ಕೇಳು, ಸೀರೆ ಯಾಕೆ, ನಾನೇ ಬಂದುಬಿಡ್ತೀನಿ ಅಂತ ಅಲ್ಲಿ ಹಟ ಹಿಡೀಬೇಡ. ರೈಲು ಹತ್ತೋ ಕಾಲಲ್ಲ ಅದು ಈಗ. ನೀನು ಬರ್ಬೇಡ, ನಿನ್ನ ಸೀರೆ ಬರ್ಲಿ. ಮಂಡಿ ಗಟ್ಟಿಯಾದ ಮೇಲೆ ನೀನು ಬರೋ ಹೊತ್ತಿಗೆ ಇದು ನಿನ್ನ ಮಂಚದ ಕೆಳಗಿರೋ ಹಾಗೆ ಮಾಡೋದು ನನ್ನ…

ಹಾಂ? ಕಮಲಾದೇವಿಯವರು ಕರೀತಿದಾರೆ. 'ಆಚಾರ್ರ, ರೊಟ್ಟಿಗೆ ಒಲಿ ಹಚ್ಚಬೇಕ್ರಿ, ಸೌದಿ ಯಾವ ಕಡೆಯಿಂದ ತೆಗೀಲಿ?' ಅಯ್ಯೋ, ಆ ಕಡೆ ಮುಟ್ಟಬೇಡಿ, ಅದು ಅಲ್ಲೇ ಮಲಗಿದೆ! ಇರಿ, ನಾನೇ ತೆಗೆದುಕೊಡ್ತೀನಿ. ಬಂದೆ. ಇಡ್ತೀನಮ್ಮಾ.